ಒಂದು ಲ್ಯಾಪ್‌ಟಾಪ್, 36 ಮಕ್ಕಳು: 6–7 ವರ್ಷದವರ ತರಗತಿಯಲ್ಲಿ ಯಾವುದನ್ನು ಎಲ್ಲಿ ಬಳಸುವುದು?

ಬಳಪದಪುಡಿ

ಪರಿಸ್ಥಿತಿ ಹೀಗಿದೆ. 1 ಮತ್ತು 2ನೇ ತರಗತಿ ಒಂದೇ ಕೋಣೆಯಲ್ಲಿ, ಒಟ್ಟು 36 ಮಕ್ಕಳು. 14 ಇಂಚಿನ ಲ್ಯಾಪ್‌ಟಾಪ್ ಒಂದು, ಬ್ಲೂಟೂತ್ ಸ್ಪೀಕರ್ ಒಂದು, ಅಂಗೈಯಗಲದ ಎಲ್‌ಇಡಿ ಪ್ರೊಜೆಕ್ಟರ್ ಒಂದು. ಇಂಟರ್ನೆಟ್ ಇಲ್ಲ. ಕರೆಂಟು ಬಂದರೆ ಬಂತು, ಹೋದರೆ ಹೋಯಿತು. ಕೋಣೆ ಸುಮಾರು 6 ಮೀಟರ್‌ಗೆ 7 ಮೀಟರ್, ಒಂದು ಬದಿ ಪೂರ್ತಿ ಕಿಟಕಿ. ಪಾಳಿ ಹಾಕಿ ಮಕ್ಕಳನ್ನು ಲ್ಯಾಪ್‌ಟಾಪ್ ಮುಂದೆ ಕೂರಿಸುವುದೋ, ಪ್ರೊಜೆಕ್ಟರ್‌ನಲ್ಲಿ ಎಲ್ಲರಿಗೂ ಒಟ್ಟಿಗೆ ತೋರಿಸುವುದೋ? ಓದು, ಬರಹ, 20ರೊಳಗಿನ ಲೆಕ್ಕ, ಇವಿಷ್ಟೇ ಗುರಿ. "ಮಕ್ಕಳನ್ನು ಪ್ರೀತಿಯಿಂದ ನೋಡಿ" ಅನ್ನೋ ಥರದ ಉತ್ತರ ಬೇಡ. ಅಳತೆ, ಲೆಕ್ಕ, ಎಲ್ಲಿ ಕೈಕೊಡುತ್ತದೆ ಅನ್ನುವುದು ಬೇಕು.

ಮಣಿಕಟ್ಟು

ಮೊದಲು ಒಂದು ಭಾಗಾಕಾರ ಮಾಡಿ. 40 ನಿಮಿಷದ ಪೀರಿಯಡ್ಡು, 36 ಮಕ್ಕಳು, ಒಂದು ಕೀಬೋರ್ಡು. ತಲೆಗೆ 67 ಸೆಕೆಂಡು. ಎದ್ದು ಬರುವುದು, ಕೂರುವುದು, "ಟೀಚರ್, ಇವನು ತಳ್ಳಿದ", ಇದರಲ್ಲೇ ಅರ್ಧ ಹೋಗುತ್ತದೆ. ಒಬ್ಬರು ಒತ್ತುವಾಗ ಉಳಿದ 35 ಮಂದಿ ಏನು ಮಾಡುತ್ತಿರುತ್ತಾರೆ ಅನ್ನುವುದೇ ನಿಜವಾದ ಪ್ರಶ್ನೆ.

ಅದೇ ಪೀರಿಯಡ್ಡಿನಲ್ಲಿ ಬರೀ 10 ನಿಮಿಷ ಸ್ಲೇಟಿಗೆ ಕೊಟ್ಟು 10 ಪ್ರಶ್ನೆ ಕೇಳಿ. 360 ಉತ್ತರ ಕಣ್ಣೆದುರಿಗೆ ಬರುತ್ತವೆ. ಅಷ್ಟು ಉತ್ತರ ಕೊಡುವ ಯಂತ್ರ ನಿಮ್ಮ ಕೋಣೆಯಲ್ಲಿ ಇನ್ನೊಂದಿಲ್ಲ.

ಆದರೆ ಸ್ಲೇಟನ್ನು ಸುಮ್ಮನೆ ಎತ್ತಿ ಹಿಡಿಸಿದರೆ ಕೆಲಸ ಕೆಡುತ್ತದೆ. ಚುರುಕಾದ ನಾಲ್ಕು ಮಕ್ಕಳು ಮೊದಲು ಎತ್ತುತ್ತಾರೆ, ಉಳಿದವರು ಅದನ್ನು ನೋಡಿ ಬರೆಯುತ್ತಾರೆ. ಆದ್ದರಿಂದ ಕ್ರಮ ಇರಲಿ. ಪ್ರಶ್ನೆ ಕೇಳಿ, ಮನಸ್ಸಿನಲ್ಲೇ ಐದು ಎಣಿಸಿ, ಆಮೇಲೆ "ಬರೆಯಿರಿ". ಬರೆದವರು ಸ್ಲೇಟನ್ನು ಎದೆಗೆ ಅವುಚಿಕೊಳ್ಳಬೇಕು, ಬರಹ ಒಳಮುಖವಾಗಿ. ಎಲ್ಲರೂ ಅವುಚಿಕೊಂಡ ಮೇಲಷ್ಟೇ "ತೋರಿಸಿ". ನೋಡುವಾಗ ಹಿಂದಿನ ಸಾಲಿನಿಂದ ಶುರು ಮಾಡಿ, ಮುಂದಿನವರು ಹೇಗೂ ಕಣ್ಣಿಗೆ ಬೀಳುತ್ತಾರೆ. ಒಂಬತ್ತು-ಹತ್ತಕ್ಕಿಂತ ಹೆಚ್ಚು ಸ್ಲೇಟು ತಪ್ಪಿದ್ದರೆ ಪಾಠವನ್ನೇ ಇನ್ನೊಂದು ರೀತಿ ಹೇಳಬೇಕು. ಮೂರು-ನಾಲ್ಕು ತಪ್ಪಿದ್ದರೆ ಹೆಸರು ಗುರುತು ಹಾಕಿಕೊಂಡು ಮುಂದೆ ಹೋಗಿ, ಅವರನ್ನು ಆಮೇಲೆ ಪಕ್ಕಕ್ಕೆ ಕರೆಯಿರಿ. ತಪ್ಪು ಉತ್ತರವನ್ನು ಯಾರದೆಂದು ಹೇಳದೆ ಬೋರ್ಡಿನ ಮೇಲೆ ಬರೆದು "ಇದು ಹೇಗೆ ಬಂದಿರಬಹುದು?" ಎಂದು ಕೇಳಿದರೆ ಇನ್ನೂ ಒಳ್ಳೆಯದು.

ಹಿಂದಿನಬೆಂಚು

ಲ್ಯಾಪ್‌ಟಾಪ್ ಶಿಕ್ಷಕರ ಉಪಕರಣ, ಈ ವಯಸ್ಸಿನ ಮಕ್ಕಳದ್ದಲ್ಲ. ಕಾರ್ಡು ಪ್ರಿಂಟ್ ಮಾಡಲು, ಧ್ವನಿ ಜೋಡಿಸಲು, ಯಾರು ಎಲ್ಲಿದ್ದಾರೆಂದು ಬರೆದಿಡಲು ಬಳಸಿ. ಪಾಳಿಯ ಯೋಚನೆ ಬಿಟ್ಟುಬಿಡಿ.

ಬೆಳಕುನೆರಳು

ಪ್ರೊಜೆಕ್ಟರ್ ವಿಷಯಕ್ಕೆ ಬರುತ್ತೇನೆ. ಅಂಗೈಯಗಲದ ಎಲ್‌ಇಡಿ ಪ್ರೊಜೆಕ್ಟರ್‌ಗಳ ಪೆಟ್ಟಿಗೆಯ ಮೇಲೆ ಸಾವಿರಗಟ್ಟಲೆ ಲ್ಯೂಮೆನ್ (ಹೊರಬರುವ ಬೆಳಕಿನ ಅಳತೆ) ಬರೆದಿರುತ್ತಾರೆ, ಅದನ್ನು ನಂಬಬೇಡಿ. ಎಎನ್‌ಎಸ್‌ಐ ಲ್ಯೂಮೆನ್, ಅಂದರೆ ನಿಗದಿತ ವಿಧಾನದಲ್ಲಿ ಅಳೆದದ್ದು ಎಂದು ಪ್ರತ್ಯೇಕವಾಗಿ ಬರೆದಿದ್ದರೆ ಅದನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ. ಅದು 200 ಎಂದಿಟ್ಟುಕೊಳ್ಳೋಣ.

ಚಿತ್ರ 1.6 ಮೀ ಅಗಲ, 0.9 ಮೀ ಎತ್ತರ ಬಿಟ್ಟರೆ ವಿಸ್ತೀರ್ಣ 1.44 ಚದರ ಮೀಟರ್. 200 ಭಾಗ 1.44, ಗೋಡೆಯ ಮೇಲೆ ಸುಮಾರು 139 ಲಕ್ಸ್ (ಚದರ ಮೀಟರಿಗೆ ಬೀಳುವ ಲ್ಯೂಮೆನ್). ಕಿಟಕಿಯಿಂದ ಅದೇ ಗೋಡೆಗೆ 300 ಲಕ್ಸ್ ಬೀಳುತ್ತಿದೆ ಎಂದುಕೊಳ್ಳಿ. ಆಗ ಬಿಳಿ ಭಾಗ 439, ಕಪ್ಪು ಭಾಗ 300. ಒಂದೂವರೆ ಪಟ್ಟೂ ವ್ಯತ್ಯಾಸವಿಲ್ಲ. ಅದಕ್ಕೇ ಎಲ್ಲವೂ ಹಾಲಿಗೆ ನೀರು ಬೆರೆಸಿದ ಹಾಗೆ ಕಾಣುವುದು. ಲೆನ್ಸ್ ಒರೆಸಿ ಪ್ರಯೋಜನವಿಲ್ಲ.

ಚಿತ್ರವನ್ನು ಅರ್ಧಕ್ಕಿಳಿಸಿ, 0.8 ಮೀ × 0.45 ಮೀ. ವಿಸ್ತೀರ್ಣ ಕಾಲು ಭಾಗವಾಗುತ್ತದೆ, ಬೆಳಕು ನಾಲ್ಕು ಪಟ್ಟು, ಸುಮಾರು 555 ಲಕ್ಸ್. ಈಗ ವ್ಯತ್ಯಾಸ ಮೂರು ಪಟ್ಟಿನ ಹತ್ತಿರ. ಕಾಣುತ್ತದೆ, ಆದರೆ 6 ಮೀಟರ್ ಹಿಂದೆ ಕೂತವರಿಗಲ್ಲ. 10–12 ಮಕ್ಕಳು ನೆಲದ ಮೇಲೆ 2 ಮೀಟರ್ ಒಳಗೆ ಕೂತರೆ ಸರಿ. ಕಿಟಕಿ ಇರುವ ಗೋಡೆಗೇ ಚಿತ್ರ ಬಿಡಿ, ಎದುರು ಗೋಡೆಗಲ್ಲ. ಕಿಟಕಿಯ ಗೋಡೆಯ ಒಳಮುಖಕ್ಕೆ ನೇರ ಬೆಳಕು ಬೀಳುವುದಿಲ್ಲ.

ಹಿಂದಿನಬೆಂಚು

» ಕಿಟಕಿ ಇರುವ ಗೋಡೆಗೇ ಚಿತ್ರ ಬಿಡಿ

ಒಪ್ಪುವುದಿಲ್ಲ. ಗೋಡೆಗೆ ಬೆಳಕು ಬೀಳದಿರಬಹುದು, ಆದರೆ ಪಕ್ಕದಲ್ಲೇ ಉರಿಯುವ ಕಿಟಕಿ ಮಕ್ಕಳ ಕಣ್ಣಿಗೆ ಹೊಡೆಯುತ್ತದೆ. ಅದೂ ಅಲ್ಲದೆ ಇವರು ಹೇಳಿದ್ದು "ಒಂದು ಬದಿ ಪೂರ್ತಿ ಕಿಟಕಿ", ಚಿತ್ರ ಬಿಡಲು ಜಾಗವೆಲ್ಲಿ?

ಬೆಳಕುನೆರಳು

ಹೌದು, ಪೂರ್ತಿ ಕಿಟಕಿ ಅನ್ನುವುದನ್ನು ಗಮನಿಸಿರಲಿಲ್ಲ. ಹಾಗಾದರೆ ಕಿಟಕಿಗೆ ಅಡ್ಡವಾಗಿರುವ ಪಕ್ಕದ ಗೋಡೆಯಲ್ಲಿ, ಕಿಟಕಿಯಿಂದ ದೂರದ ಮೂಲೆ. ಒಂದು ರಟ್ಟಿನ ಪೆಟ್ಟಿಗೆಯ ಮೂರು ಬದಿ ಉಳಿಸಿ, ಒಳಗೆ ಹಿಂಬದಿಗೆ ಬಿಳಿ ಹಾಳೆ ಅಂಟಿಸಿ ಗೂಡಿನಂತೆ ಇಟ್ಟರೆ ಪಕ್ಕದ ಬೆಳಕು ತಡೆಯುತ್ತದೆ. ಅಕ್ಷರ ತೋರಿಸಬೇಡಿ, ಚಿತ್ರ ತೋರಿಸಿ. ಸಮುದ್ರ, ಹಿಮ, ಮೊಟ್ಟೆಯೊಡೆದು ಹೊರಬರುವ ಮರಿ, ಇಂಥ ಕೋಣೆಯೊಳಗೆ ತರಲಾಗದ ವಸ್ತುಗಳಿಗೆ ಮಾತ್ರ ಅದು ಸಾರ್ಥಕ.

ಅಕ್ಷರಕ್ಕೆ ಕಪ್ಪು ಹಲಗೆಯೇ ಮೇಲು. ಅಳತೆ ಮಾತ್ರ ಗಮನದಲ್ಲಿರಲಿ. ಕಣ್ಣಿನ ಪರೀಕ್ಷೆಯ ಪಟ್ಟಿಯಲ್ಲಿ 6/6 ಸಾಲಿನ ಅಕ್ಷರ 6 ಮೀಟರ್ ದೂರಕ್ಕೆ 9 ಮಿ.ಮೀ.ಗೂ ಕಡಿಮೆ ಎತ್ತರ. ಆದರೆ ಅದು ಒಳ್ಳೆಯ ಕಣ್ಣಿಗೆ, ಒಳ್ಳೆಯ ಬೆಳಕಿನಲ್ಲಿ, ಗೊತ್ತಿರುವ ಅಕ್ಷರಕ್ಕೆ ಕೊನೆಯ ಗಡಿ. ಕಲಿಯುತ್ತಿರುವ ಮಗು ಒತ್ತಕ್ಷರದ ಕೊಕ್ಕೆಯನ್ನೂ ನೋಡಬೇಕು, ಅದು ಮೂಲ ಅಕ್ಷರದ ಅರ್ಧ ಗಾತ್ರ. ಹಿಂದಿನ ಸಾಲು 6 ಮೀಟರ್ ದೂರವಿದ್ದರೆ ಮೂಲ ಅಕ್ಷರ 6 ಸೆಂ.ಮೀ. ಎತ್ತರ ಇರಲಿ, ಸಾಲಿನ ನಡುವೆ ಅಷ್ಟೇ ಜಾಗ. ಅಂದರೆ ಬೋರ್ಡಿನಲ್ಲಿ ಒಮ್ಮೆಗೆ ನಾಲ್ಕೈದು ಸಾಲು, ಅಷ್ಟೇ.

ಚಿಟಿಕೆಚಪ್ಪಾಳೆ

ಸ್ಪೀಕರ್ ಬಗ್ಗೆ ಯಾರೂ ಮಾತಾಡಲಿಲ್ಲ. ನಿಮ್ಮ ಪಟ್ಟಿಯಲ್ಲಿರುವ ವಸ್ತುಗಳಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಅದೇ. ಧ್ವನಿಗೆ ಮುಂದಿನ ಸಾಲು ಹಿಂದಿನ ಸಾಲು ಎಂಬ ಜಗಳವಿಲ್ಲ, ಕೈ-ಕಣ್ಣು ಬೇರೆ ಕೆಲಸಕ್ಕೆ ಬಿಡುವಾಗಿರುತ್ತವೆ, ಕರೆಂಟು ಹೋದರೂ ಬ್ಯಾಟರಿಯಲ್ಲಿ ಗಂಟೆಗಟ್ಟಲೆ ನಡೆಯುತ್ತದೆ. 1970ರ ದಶಕದಲ್ಲಿ ನಿಕರಾಗುವಾ ದೇಶದಲ್ಲಿ ಸಣ್ಣ ಮಕ್ಕಳಿಗೆ ರೇಡಿಯೋದಲ್ಲೇ ಗಣಿತ ಕಲಿಸಿದರು. ಅದರ ಗುಟ್ಟು ಇದ್ದದ್ದು ಮಾತಿನಲ್ಲಲ್ಲ, ಮೌನದಲ್ಲಿ. ರೇಡಿಯೋ ಪ್ರಶ್ನೆ ಕೇಳಿ ನಿಲ್ಲುತ್ತಿತ್ತು, ಮಕ್ಕಳು ಗಟ್ಟಿಯಾಗಿ ಉತ್ತರಿಸುತ್ತಿದ್ದರು, ಆಮೇಲೆ ರೇಡಿಯೋ ಸರಿಯುತ್ತರ ಹೇಳುತ್ತಿತ್ತು.

ಅದನ್ನೇ ಮೊಬೈಲಿನಲ್ಲಿ ಮಾಡಬಹುದು. ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ ಹಿಡಿಯಿರಿ. ನೇರ ಹಿಡಿದರೆ "ಪ", "ಭ" ಬಂದಾಗ ಗಾಳಿ ಬಡಿದು ಢಬ್ ಎನ್ನುತ್ತದೆ. ಬಟ್ಟೆ, ಪುಸ್ತಕ ತುಂಬಿದ ಸಣ್ಣ ಕೋಣೆಯಲ್ಲಿ ರೆಕಾರ್ಡ್ ಮಾಡಿ, ಖಾಲಿ ತರಗತಿಯಲ್ಲಿ ಬೇಡ, ಗೋಡೆ ಮಾತನ್ನು ವಾಪಸ್ ಎಸೆಯುತ್ತದೆ. ಒಂದು ಕಡತ 4 ನಿಮಿಷ ದಾಟದಿರಲಿ. ಪ್ರತಿ ಪದದ ನಂತರ ಬಿಡುವ ಮೌನ, ಆ ಪದ ಹೇಳಲು ಬೇಕಾದ ಹೊತ್ತಿನ ಎರಡು ಪಟ್ಟು. ದೊಡ್ಡವರ ಅಂದಾಜಿಗೆ ಬಿಟ್ಟರೆ ಮೌನ ಯಾವಾಗಲೂ ಕಮ್ಮಿಯಾಗುತ್ತದೆ. ರೆಕಾರ್ಡ್ ಮಾಡುವಾಗ ನೀವೇ ಮನಸ್ಸಿನಲ್ಲಿ ಮಗುವಿನ ಹಾಗೆ ನಿಧಾನವಾಗಿ ಒಂದು ಸಲ ಉತ್ತರಿಸಿ, ಆಮೇಲೆ ಮುಂದುವರಿಸಿ.

ಸ್ಪೀಕರನ್ನು ಮೇಜಿನ ಮೇಲೆ, ಬೋರ್ಡಿನ ಪಕ್ಕ ಇಡುವುದು ಎಲ್ಲರೂ ಮಾಡುವ ತಪ್ಪು. ದೂರ ಇಮ್ಮಡಿಯಾದರೆ ನೇರ ಧ್ವನಿ 6 ಡೆಸಿಬೆಲ್ ಇಳಿಯುತ್ತದೆ. ಹಿಂದಿನವರಿಗೆ ಕೇಳಲಿ ಎಂದು ಜೋರು ಮಾಡಿದರೆ ಮುಂದಿನವರ ಕಿವಿ ಒಡೆಯುತ್ತದೆ, ಕೋಣೆಯ ಪ್ರತಿಧ್ವನಿಯೂ ಏರಿ ಮಾತು ಕಲಸಿಹೋಗುತ್ತದೆ. ಕೋಣೆಯ ನಡುವೆ, ಕೂತ ಮಕ್ಕಳ ಕಿವಿಯ ಎತ್ತರಕ್ಕೆ ಒಂದು ಸ್ಟೂಲಿನ ಮೇಲಿಡಿ. ಸದ್ದು ಅರ್ಧ ಸಾಕಾಗುತ್ತದೆ.

ಬಳಪದಪುಡಿ

ಇದು ಹೊಳೆದಿರಲಿಲ್ಲ. ಒಂದು ತೊಂದರೆ: ವಿಡಿಯೊ ಹಾಕಿದಾಗ ತುಟಿಗೂ ಮಾತಿಗೂ ತಾಳ ತಪ್ಪುತ್ತದೆ. ಚಪ್ಪಾಳೆ ಎಣಿಸುವ ಆಟದಲ್ಲಿ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ.

ಚಿಟಿಕೆಚಪ್ಪಾಳೆ

ಬ್ಲೂಟೂತ್‌ನ ಗುಣವೇ ಅದು. ಸಾಮಾನ್ಯ ಸ್ಪೀಕರ್‌ಗಳಲ್ಲಿ ಧ್ವನಿ ಸೆಕೆಂಡಿನ ಹತ್ತನೇ ಒಂದರಿಂದ ಐದನೇ ಒಂದು ಭಾಗದಷ್ಟು ತಡ. ಹಿಂದೆ ಸಣ್ಣ ತೂತಿದ್ದರೆ 3.5 ಮಿ.ಮೀ. ಪಿನ್ನಿನ ಆಡಿಯೊ ತಂತಿ ಹಾಕಿ, ತಡ ಹೋಗುತ್ತದೆ. ತಂತಿಯನ್ನು ಸ್ಟೂಲಿನ ಕಾಲಿಗೆ ಒಂದು ಸುತ್ತು ಕಟ್ಟಿ. ಯಾರೋ ಎಡವಿದಾಗ ಜಗ್ಗುವುದು ಕಾಲನ್ನು, ಲ್ಯಾಪ್‌ಟಾಪಿನ ತೂತನ್ನಲ್ಲ.

ವೋಲ್ಟ್‌ಮೀಟರ್

ಕರೆಂಟಿನ ಲೆಕ್ಕ ನನ್ನ ಪಾಲಿಗೆ ಬಿಡಿ. 12 ವೋಲ್ಟ್, 100 ಆಂಪಿಯರ್-ಅವರ್ ಲೆಡ್ ಆಸಿಡ್ ಬ್ಯಾಟರಿ ಎಂದರೆ ಕಾಗದದ ಮೇಲೆ 1200 ವಾಟ್-ಅವರ್. ಅದರಲ್ಲಿ ಅರ್ಧಕ್ಕಿಂತ ಕೆಳಗಿಳಿಸಿದರೆ ಬ್ಯಾಟರಿಯ ಆಯಸ್ಸು ಬೇಗ ಮುಗಿಯುತ್ತದೆ, ಆದ್ದರಿಂದ 600. ಇನ್ವರ್ಟರ್ ತಿನ್ನುವುದು ಸುಮಾರು ಶೇ 15. ಕೈಗೆ ಸಿಗುವುದು 510. ಲ್ಯಾಪ್‌ಟಾಪ್ 40 ವಾಟ್, ಪ್ರೊಜೆಕ್ಟರ್ 60 ವಾಟ್ ಆದರೆ ಐದು ಗಂಟೆ. ಲ್ಯಾಪ್‌ಟಾಪ್ ಬಿಟ್ಟು ಮೊಬೈಲ್ ಮತ್ತು ಸ್ಪೀಕರ್‌ನಲ್ಲಿ ಮುಗಿಸಿದರೆ ಬ್ಯಾಟರಿಯ ಗೊಡವೆಯೇ ಬೇಡ, ರಾತ್ರಿ ಚಾರ್ಜ್ ಮಾಡಿದ್ದು ಹಗಲಿಗೆ ಸಾಕು.

ಕಡತಗಳ ಬಗ್ಗೆ ಎರಡು ಮಾತು. ಪ್ರೊಜೆಕ್ಟರ್‌ಗೆ ನೇರ ಪೆನ್‌ಡ್ರೈವ್ ಚುಚ್ಚುವುದಾದರೆ ವಿಡಿಯೊ ಎಂಪಿ4 ಕಡತವಾಗಿರಲಿ, ಎಚ್.264 ಎಂಬ ಹಳೆಯ ಸಂಕುಚನ ವಿಧಾನದಲ್ಲಿರಲಿ. ಅಗ್ಗದ ಪ್ರೊಜೆಕ್ಟರ್‌ಗಳ ಒಳಗಿನ ಪ್ಲೇಯರ್ ಅನೇಕ ಸಲ ಹೊಸ ವಿಧಾನವಾದ ಎಚ್.265 ತೆರೆಯದೆ ಬರೀ ಧ್ವನಿ ಕೊಡುತ್ತದೆ. ಪೆನ್‌ಡ್ರೈವನ್ನು ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ್ದರೆ 4 ಜಿಬಿ ದಾಟಿದ ಕಡತ ಏರುವುದೇ ಇಲ್ಲ. ಹೆಸರಿಡುವಾಗ 01, 02 ಎಂದು ಶುರು ಮಾಡಿ. ಬರೀ 1, 2 ಎಂದಿಟ್ಟರೆ ಹಲವು ಪ್ಲೇಯರ್‌ಗಳಲ್ಲಿ 1 ಆದ ಮೇಲೆ 10 ಬರುತ್ತದೆ, 2 ಅಲ್ಲ. ಹತ್ತನೇ ಪಾಠ ಕೇಳಿ ಮಕ್ಕಳು ಕಣ್ಣು ಪಿಳಿಪಿಳಿ ಬಿಡುತ್ತಾರೆ.

ನಿಧಾನನಡಿಗೆ

ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಮೇಲೆ ಕೊಲಿಬ್ರಿ ಎಂಬ ಪಾಠದ ತಂತ್ರಾಂಶ ಹಾಕಿದರೆ ಇಂಟರ್ನೆಟ್ ಇಲ್ಲದೆ ಸ್ಥಳೀಯ ವೈ-ಫೈ ಮೂಲಕ ಪಾಠ ಹಂಚಬಹುದು. ಇಂಟರ್ನೆಟ್ ಇಲ್ಲದೆ ಓದಿಸುವ ಕಿವಿಕ್ಸ್ ತಂತ್ರಾಂಶದಲ್ಲಿ ವಿಕಿಪೀಡಿಯವೇ ಪೂರ್ತಿ ಸಿಗುತ್ತದೆ. ಯೋಚಿಸಿದ್ದೀರಾ?

ವೋಲ್ಟ್‌ಮೀಟರ್

ಹಂಚುವುದು ಯಾರಿಗೆ? ತೆಗೆದುಕೊಳ್ಳಲು ಈ ಕೋಣೆಯಲ್ಲಿ ಇರುವುದು ಒಂದೇ ಲ್ಯಾಪ್‌ಟಾಪ್. ಓದಲು ಬಾರದ ಮಗುವಿಗೆ ವಿಕಿಪೀಡಿಯ ಏನು ಮಾಡೀತು? ಹತ್ತು-ಹದಿನೈದು ಟ್ಯಾಬ್ಲೆಟ್ ಇರುವ ದೊಡ್ಡ ತರಗತಿಗೆ ನಿಮ್ಮ ಸಲಹೆ ಸರಿ.

ಕಾಗುಣಿತ

ಓದಿನ ವಿಷಯಕ್ಕೆ ಬರೋಣ, ಇಲ್ಲಿ ರಟ್ಟು-ಕತ್ತರಿಯೇ ತಂತ್ರಜ್ಞಾನ.

ವರ್ಣಮಾಲೆಯ ಕ್ರಮದಲ್ಲಿ ಹೋದರೆ ಮಗು ಮೊದಲ ಪದ ಓದುವ ಹೊತ್ತಿಗೆ ವಾರಗಳೇ ಕಳೆಯುತ್ತವೆ. ರ, ಗ, ಸ, ದ, ಅ ಐದರಿಂದ ಶುರು ಮಾಡಿದರೆ ಮೊದಲ ವಾರದಲ್ಲೇ ಸರ, ರಸ, ದರ, ಅರಸ, ಅಗಸ, ಗರಗಸ ಬರುತ್ತವೆ. ಅದಕ್ಕೆ ನ ಮತ್ತು ಬ ಸೇರಿಸಿ: ದನ, ಬನ, ನಗರ, ಗಗನ. ಆಗ ಒಂದೂ ಗುಣಿತ ಚಿಹ್ನೆಯಿಲ್ಲದೆ ಎರಡು ಪದದ ಓದು ಸಿಗುತ್ತದೆ: ಅರಸನ ನಗರ, ಅಗಸನ ಗರಗಸ. ಅಗಸನಿಗೇಕೆ ಗರಗಸ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ, ಕೇಳಿದರೆ ಅರ್ಥವಾಗಿದೆ ಎಂದು ಲೆಕ್ಕ.

ರೂಪದಲ್ಲಿ ಹತ್ತಿರವಿರುವವನ್ನು ಒಂದೇ ವಾರದಲ್ಲಿ ತರಬೇಡಿ. ವ ಮತ್ತು ಮ, ವ ಮತ್ತು ಪ, ಪ ಮತ್ತು ಷ, ರ ಮತ್ತು ಠ, ದ ಮತ್ತು ಧ. ಒಂದು ಗಟ್ಟಿಯಾದ ಮೇಲೆ ಎರಡು ವಾರ ಬಿಟ್ಟು ಇನ್ನೊಂದು. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ವ್ಯತ್ಯಾಸವನ್ನು ಮಗುವಿನ ಬೆರಳಿಂದಲೇ ತೋರಿಸಬೇಕು.

ಕಾರ್ಡು 10 ಸೆಂ.ಮೀ. × 7 ಸೆಂ.ಮೀ., ಮೇಲಿನ ಬಲ ಮೂಲೆ ಕತ್ತರಿಸಿ. ಆ ಮೂಲೆ ಇಲ್ಲದಿದ್ದರೆ ಮಕ್ಕಳು ಕಾರ್ಡನ್ನು ತಲೆಕೆಳಗೆ ಹಿಡಿದು ಓದಲು ಹೆಣಗುತ್ತಾರೆ. ಇಬ್ಬರಿಗೊಂದು ಕಟ್ಟು, 18 ಕಟ್ಟು. ಒಂದೊಂದು ಕಟ್ಟಿನ ಹಿಂಬದಿಗೂ ಬೇರೆ ಬೇರೆ ಗುರುತು ಹಾಕಿ, ನೆಲಕ್ಕೆ ಬಿದ್ದ ಒಂಟಿ ಕಾರ್ಡು ಯಾವ ಕಟ್ಟಿನದೆಂದು ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ.

ನಿಧಾನನಡಿಗೆ

ಗುಣಿತಕ್ಕೆ ಎರಡು ಚಕ್ರ ಮಾಡಿ, ಒಳಗಿನದರಲ್ಲಿ ವ್ಯಂಜನ, ಹೊರಗಿನದರಲ್ಲಿ ಚಿಹ್ನೆ, ತಿರುಗಿಸಿದರೆ ಆಯಿತಲ್ಲ?

ಕಾಗುಣಿತ

ನೋಡಲು ಚೆಂದ, ಕನ್ನಡಕ್ಕೆ ಕೂರುವುದಿಲ್ಲ. ಕಾ, ಕಿ, ಕೆ, ಕೌ ಬರೆಯುವಾಗ ಕ-ದ ತಲೆಕಟ್ಟು ಹೋಗಿ ಅದರ ಜಾಗಕ್ಕೆ ಚಿಹ್ನೆ ಬರುತ್ತದೆ. ಕು, ಕೂ, ಕೃ, ಕಂ ಬರೆಯುವಾಗ ತಲೆಕಟ್ಟು ಹಾಗೇ ಉಳಿಯುತ್ತದೆ. ಚಕ್ರದಲ್ಲಿ ತಲೆಕಟ್ಟು ಸಹಿತ ಬರೆದರೆ ಮೊದಲ ಗುಂಪು ತಪ್ಪು, ಬಿಟ್ಟು ಬರೆದರೆ ಎರಡನೆಯದು ತಪ್ಪು. ಪು, ವು ಇನ್ನೊಂದು ತಲೆನೋವು: ಅಲ್ಲಿ ಕೊಂಬು ಪಕ್ಕಕ್ಕೆ ಬಾರದೆ ಕೆಳಗಿಳಿಯುತ್ತದೆ, ಪಕ್ಕಕ್ಕೆ ಬರೆದರೆ ವು ಮ ಆಗಿಬಿಡುತ್ತದೆ.

ಬದಲಿಗೆ ಕಿಟಕಿ ಪಟ್ಟಿ. 5 ಸೆಂ.ಮೀ. ಅಗಲದ ಉದ್ದ ಪಟ್ಟಿಯಲ್ಲಿ ಪೂರ್ತಿ ಅಕ್ಷರಗಳನ್ನೇ ಬರೆಯಿರಿ: ಸ, ಸಾ, ಸಿ, ಸೀ... ಕಿಟಕಿ ಕತ್ತರಿಸಿದ ಕಾರ್ಡಿನಲ್ಲಿ ಕಿಟಕಿಯ ಬಲಕ್ಕೆ "ರ" ಬರೆದು ಪಟ್ಟಿ ಎಳೆಯಿರಿ: ಸರ, ಸಾರ, ಸೇರ... ಅರ್ಥವಿರುವುದು ಬಂದಾಗ ಚಪ್ಪಾಳೆ, ಇಲ್ಲದಿದ್ದರೆ ಕೈ ಅಲ್ಲಾಡಿಸುವುದು. ಕಿಟಕಿ ಪಟ್ಟಿಗಿಂತ 3 ಮಿ.ಮೀ. ಅಗಲವಿರಲಿ, ಬಿಗಿಯಾದರೆ ಎರಡೇ ದಿನದಲ್ಲಿ ಹರಿಯುತ್ತದೆ.

ಅರ್ಕಾವತ್ತು ಕೊನೆಗೆ. ನಾಲಿಗೆಗೆ ಮೊದಲು ಬರುವ ರ್ ಕಣ್ಣಿಗೆ ಕೊನೆಯಲ್ಲಿ ಬರುತ್ತದೆ, ಹಾಗಾಗಿ "ಸೂರ್ಯ"ವನ್ನು "ಸೂಯ್ರ" ಎಂದೇ ಓದುತ್ತಾರೆ. ಅದು ಅಜಾಗರೂಕತೆಯಲ್ಲ, ಎಡದಿಂದ ಬಲಕ್ಕೆ ನಿಯತ್ತಾಗಿ ಓದಿದ್ದು. ಗದರಬೇಡಿ.

ಲ್ಯಾಪ್‌ಟಾಪಿನಲ್ಲಿ ಕಾರ್ಡು ತಯಾರಿಸುವುದಾದರೆ ಯೂನಿಕೋಡ್‌ನಲ್ಲಿ ಮಾಡಿ, ಪಿಡಿಎಫ್ ಆಗಿಸಿ ಒಯ್ಯಿರಿ. ಹಳೆಯ ಫಾಂಟ್ ಇನ್ನೊಂದು ಯಂತ್ರದಲ್ಲಿ ಗೀಚುಬರಹವಾಗುತ್ತದೆ.

ಹಿಂದಿನಬೆಂಚು

ಬರಹಕ್ಕೆ ಮರಳ ತಟ್ಟೆ ಸೇರಿಸಿ. ಆಂಡ್ರ್ಯೂ ಬೆಲ್ ಎಂಬ ಪಾದ್ರಿ 18ನೇ ಶತಮಾನದ ಕೊನೆಯಲ್ಲಿ ಮದ್ರಾಸಿನಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಲ್ಲಿ ಬರೆಯುವುದನ್ನು ನೋಡಿ ತನ್ನ ಶಾಲೆಗೆ ತಂದ, ಅಲ್ಲಿಂದ ಅದು ಇಂಗ್ಲೆಂಡಿಗೂ ಹೋಯಿತು. 30 × 20 ಸೆಂ.ಮೀ. ತಟ್ಟೆ, ತಳಕ್ಕೆ ಗಾಢ ಬಣ್ಣದ ಕಾಗದ, ಜರಡಿ ಹಿಡಿದ ಒಣ ಮರಳು 4–5 ಮಿ.ಮೀ. ಮಾತ್ರ. ಹೆಚ್ಚು ಹಾಕಿದರೆ ಗೆರೆಯ ದಂಡೆ ಕುಸಿದು ಅಕ್ಷರ ಮುಚ್ಚಿಕೊಳ್ಳುತ್ತದೆ, ತಳದ ಬಣ್ಣವೂ ಕಾಣದು. ಹಸಿ ಮರಳು ಬೆರಳಿಗೆ ಮೆತ್ತುತ್ತದೆ. 36 ತಟ್ಟೆ ಬೇಡ, ಆರು ಸಾಕು.

ಮಣಿಕಟ್ಟು

ಲೆಕ್ಕಕ್ಕೆ: ಬಾಟಲಿ ಮುಚ್ಚಳ, ಇಬ್ಬರಿಗೆ 20ರಂತೆ 360, ಕಳೆದುಹೋಗುವುದಕ್ಕೂ ಸೇರಿಸಿ 400. ಪ್ರತಿ ಜೋಡಿಗೆ ಒಂದು ಬಟ್ಟೆಯ ತುಂಡು ಹಾಸಲು ಕೊಡಿ. ಬರಿ ನೆಲದ ಮೇಲೆ ಮುಚ್ಚಳ ಉರುಳುವ ಸದ್ದಿನಲ್ಲಿ ನಿಮ್ಮ ಮಾತು ಕೇಳಿಸದು. ಬೀಜ, ಮಣಿ ಬೇಡ, ಮೂಗಿಗೂ ಕಿವಿಗೂ ಹೋಗುತ್ತವೆ.

ರಟ್ಟಿನ ಮೇಲೆ ಎರಡು ಸಾಲು, ಸಾಲಿಗೆ ಐದು ಚೌಕ. ಮೊದಲು ಮೇಲಿನ ಸಾಲು ಎಡದಿಂದ ತುಂಬಬೇಕು ಎಂಬ ನಿಯಮ ಬಿಗಿಯಾಗಿರಲಿ. 8 + 5 ಎಂದರೆ ಮಗು ಎಂಟರ ಚೌಕಟ್ಟಿನಲ್ಲಿ ಎರಡು ಖಾಲಿ ನೋಡಿ, ಐದರಿಂದ ಎರಡು ತಂದು ತುಂಬಿ, "ಹತ್ತು, ಇನ್ನು ಮೂರು" ಎನ್ನುತ್ತದೆ. ಮನಬಂದಂತೆ ತುಂಬಿದರೆ ಖಾಲಿ ಎರಡು ಕಣ್ಣಿಗೆ ಬೀಳುವುದಿಲ್ಲ, ಮತ್ತೆ ಒಂದರಿಂದ ಎಣಿಕೆ ಶುರು.

ನೆಲದ ಮೇಲೆ ಬಳಪದಲ್ಲಿ 0ಯಿಂದ 20, ಹೆಜ್ಜೆಗೆ 30 ಸೆಂ.ಮೀ., ಒಟ್ಟು 6 ಮೀಟರ್. ಕೋಣೆಯ ಉದ್ದಕ್ಕೆ ಹಿಡಿಸುತ್ತದೆ. ಸಾಮಾನ್ಯ ತಪ್ಪು ಒಂದೇ: 4ರ ಮೇಲೆ ನಿಂತು 3 ಕೂಡಿಸು ಎಂದರೆ ನಿಂತ ಚೌಕವನ್ನೇ "ಒಂದು" ಎಂದು ಎಣಿಸಿ 6ಕ್ಕೆ ಬರುತ್ತಾರೆ. ಚೌಕವಲ್ಲ, ನೆಗೆತವನ್ನು ಎಣಿಸಬೇಕು. ಕಾಲು ನೆಲ ಬಿಟ್ಟಾಗ ಮಾತ್ರ ಬಾಯಿ ತೆರೆಯುವುದು ಎಂದು ಹೇಳಿಕೊಡಿ.

ಬಳಪದಪುಡಿ

ಇಷ್ಟನ್ನೂ ಒಬ್ಬರೇ ನಡೆಸುವುದು ಹೇಗೆ? ಎರಡು ತರಗತಿ ಬೇರೆ.

ಮಣಿಕಟ್ಟು

ಮೂರು ಗುಂಪು, ಗುಂಪಿಗೆ 12. ಮೂರು ಸುತ್ತು, ಸುತ್ತಿಗೆ 12 ನಿಮಿಷ, ನಡುವೆ ಎರಡು ಸಲ 2 ನಿಮಿಷ ಜಾಗ ಬದಲಿಸಲು. ಒಟ್ಟು 40. ಒಂದು ಗುಂಪು ನಿಮ್ಮೊಂದಿಗೆ, ಒಂದು ಜೋಡಿಯಾಗಿ ಮುಚ್ಚಳ ಅಥವಾ ಕಾರ್ಡು, ಒಂದು ಸ್ಲೇಟು ಮತ್ತು ಮರಳು. ನಿಮ್ಮ ಜತೆ ಇಲ್ಲದ ಗುಂಪಿಗೆ ಹೊಸ ಪಾಠ ಕೊಡಬೇಡಿ, ಕಳೆದ ವಾರದ್ದೇ ಇರಲಿ. ಹೊಸದು ಕೊಟ್ಟರೆ ಎರಡು ನಿಮಿಷಕ್ಕೊಮ್ಮೆ ಯಾರಾದರೂ ಬಂದು ಸೆರಗು ಎಳೆಯುತ್ತಾರೆ.

ಮೊದಲ ಎರಡು ವಾರ ಪಾಠವೇ ಬೇಡ, ಜಾಗ ಬದಲಿಸುವ ಅಭ್ಯಾಸ ಮಾತ್ರ. ಎರಡು ಗುಂಪಿನಿಂದ ಶುರು ಮಾಡಿ.

ಚಿಟಿಕೆಚಪ್ಪಾಳೆ

ಸ್ಪೀಕರನ್ನು ಗುಂಪಿನ ಹೊತ್ತಿನಲ್ಲಿ ಬಳಸಬೇಡಿ, ಉಳಿದ ಎರಡು ಗುಂಪು ಕೆಡುತ್ತವೆ. ಅದು ಇಡೀ ತರಗತಿಗೆ, ಪೀರಿಯಡ್ಡಿನ ಮೊದಲ 4 ನಿಮಿಷ. ಸುತ್ತನ್ನು 11ಕ್ಕೆ ಇಳಿಸಿದರೆ ಒಟ್ಟು 41 ನಿಮಿಷ, ಹೆಚ್ಚಾದ ಒಂದು ನಿಮಿಷವನ್ನು ಎಲ್ಲಾದರೂ ಉಳಿಸಿಕೊಳ್ಳಿ.

ನಿಧಾನನಡಿಗೆ

ಮಟ್ಟದ ಪ್ರಕಾರ ಗುಂಪೋ, ಬೆರಕೆಯೋ?

ಕಾಗುಣಿತ

ಓದಿಗೆ ಮಟ್ಟದ ಪ್ರಕಾರ, ಲೆಕ್ಕದ ಜೋಡಿಗೆ ಬೆರಕೆ. ಓದಿನ ಗುಂಪನ್ನು ಎರಡು ವಾರಕ್ಕೊಮ್ಮೆ ಬದಲಿಸಿ. ತಲೆಗೆ ಒಂದು ನಿಮಿಷ, ಹತ್ತು ಪದದ ಪಟ್ಟಿ ಓದಿಸಿದರೆ ಸಾಕು. ಬದಲಿಸದಿದ್ದರೆ ಗುಂಪಿನ ಹೆಸರೇ ಮಗುವಿಗೆ ಅಡ್ಡಹೆಸರಾಗುತ್ತದೆ.

ಮಣಿಕಟ್ಟು

ಲೆಕ್ಕಕ್ಕೂ ಬೆರಕೆ ಬೇಡ ಅನ್ನುತ್ತೇನೆ. ಚುರುಕಾದವರು ಮುಚ್ಚಳ ತಮ್ಮ ಕಡೆ ಎಳೆದುಕೊಂಡು ಲೆಕ್ಕ ಮುಗಿಸಿಬಿಡುತ್ತಾರೆ, ಇನ್ನೊಬ್ಬರು ನೋಡುತ್ತಾ ಕೂರುತ್ತಾರೆ.

ಕಾಗುಣಿತ

ಅದಕ್ಕೆ ಕೆಲಸ ಹಂಚಿ: ಒಬ್ಬರು ಇಡುವುದು, ಇನ್ನೊಬ್ಬರು ಹೇಳುವುದು. ಹೇಳುವವರು ಮುಚ್ಚಳ ಮುಟ್ಟುವಂತಿಲ್ಲ. ಐದು ಲೆಕ್ಕ ಆದ ಮೇಲೆ ಅದಲುಬದಲು.

ಬಳಪದಪುಡಿ

ಕೊನೆಯ ಪ್ರಶ್ನೆ. ಹತ್ತು ಸ್ಲೇಟು ಒಡೆದಿವೆ. ಪಾರದರ್ಶಕ ಪ್ಲಾಸ್ಟಿಕ್ ಕವರಿನೊಳಗೆ ಬಿಳಿ ರಟ್ಟು ಹಾಕಿ ವೈಟ್‌ಬೋರ್ಡ್ ಮಾರ್ಕರ್‌ನಲ್ಲಿ ಬರೆಸಿದರೆ ಕಲೆ ಉಳಿಯುತ್ತಿದೆ.

ಬೆಳಕುನೆರಳು

ರಾತ್ರಿಯಿಡೀ ಹಾಗೇ ಬಿಟ್ಟಿರುತ್ತೀರಿ, ಶಾಯಿ ಒಣಗಿ ಕಚ್ಚಿಕೊಂಡಿದೆ. ಕಲೆಯ ಮೇಲೆ ಅದೇ ಮಾರ್ಕರ್‌ನಿಂದ ದಪ್ಪಗೆ ಗೀಚಿ, ಒಣಗುವ ಮೊದಲೇ ಒಣ ಬಟ್ಟೆಯಿಂದ ಒರೆಸಿ. ಹೊಸ ಶಾಯಿಯ ದ್ರಾವಕ ಹಳೆಯದನ್ನು ಎಬ್ಬಿಸುತ್ತದೆ. ಮಾರ್ಕರ್‌ಗಳನ್ನು ಮಲಗಿಸಿ ಇಡಿ, ಮುಚ್ಚಳ ಟಕ್ ಎನ್ನುವವರೆಗೆ ಒತ್ತಿಸಿ. ಮತ್ತೆ ಕವರಿನ ತೆರೆದ ಬಾಯಿಯನ್ನು ಟೇಪಿನಿಂದ ಮುಚ್ಚಿ, ಇಲ್ಲದಿದ್ದರೆ ಒಳಗಿನ ರಟ್ಟು ಹೊರಬಂದು ಸಂಜೆಗೆ ವಿಮಾನವಾಗಿರುತ್ತದೆ.